ಬೆಳ್ಳಿಯ ಹೆರಿಗೆ

ನಾಯಿಯೊಂದರ ಹೆರಿಗೆಯ ವೃತ್ತಾಂತವನ್ನು, ಮನೆಮಂದಿಯೆಲ್ಲರೂ ಓದುವ ಮಾಸಪತ್ರಿಕೆಗೆ ಬರೆದು ಕಳುಹಿಸುವುದು ಉಚಿತವೇ ಎಂದು ನಾನು ಬಹುದಿನಗಳವರೆಗೆ ಅನುಮಾನಿಸುತ್ತಿದ್ದೆನು. ಮನುಷ್ಯರ ಸುಖದುಃಖಗಳೇ ಬೇಕಾದಷ್ಟು ಇರಲಾಗಿ ನಾಯಿಯ ಸುದ್ದಿ ಏತಕ್ಕೆ ಎಂದು ಕೇಳುವವರು ನಮ್ಮ ಹತ್ತಿಕುಣಿಯಲ್ಲಿಯೇ ಇದ್ದಾರೆ. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ರಾತ್ರಿ ನಾಯಿಯ ನೆವದಿಂದ, ಮೂವತ್ತೊಂದು ವರುಷಗಳ ಹಿಂದಿನ ನಮ್ಮ ಮನೆಯ ಮಾತೊಂದು ಹೊರಬಿದ್ದಿತು. ಅದನ್ನು ಬಿಟ್ಟು ನಾಯಿಯ ಕಥೆಯನ್ನು ಹೇಳಲಾರೆನು. ನಾಯಿಯನ್ನು ಮುಂದಿಟ್ಟುಕೊಳ್ಳದೆ ಅದನ್ನು ಹೇಳುವ ಧೈರ್ಯವೂ ನನಗಿಲ್ಲ.

ನಾಯಿಯ ಹೆಸರು ಬೆಳ್ಳಿ. ಬೆಂಗಳೂರಿನಲ್ಲಿರುವ ನಮ್ಮ ಮಗನು 2021ರಲ್ಲಿ, ಕೋವಿಡ್ ಬೇನೆಯ ಭಯದಿಂದ ಎಲ್ಲರೂ ಮನೆಯೊಳಗೆ ಕುಳಿತಿದ್ದ ಕಾಲದಲ್ಲಿ, ತನ್ನ ಮಗಳ ಹಟವನ್ನು ತಡೆಯಲಾರದೆ ಈ ಬಿಳಿಯ ಮರಿಯನ್ನು ಕೊಂಡು ತಂದನು. ಮಾರಿದವನು ಅದನ್ನು ಪಾಮೇರಿಯನ್ ಎಂದು ಹೇಳಿದ್ದನಂತೆ. ನಮ್ಮ ದೇಶದಲ್ಲಿ ಆ ಹೆಸರಿನಿಂದ ಮಾರುವ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್ ಎಂಬ ತಳಿಯವೆಂದು ಆಮೇಲೆ ತಿಳಿಯಿತು. ಹೆಸರು ಏನೇ ಇರಲಿ, ಅದು ಚಿಕ್ಕ ಗಾತ್ರದ, ಚೂಪು ಮೋರೆಯ, ಬಹಳ ಬೊಗಳುವ ಪ್ರಾಣಿ. ಕಚೇರಿಗಳು ಮತ್ತೆ ತೆರೆದು ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗತೊಡಗಲು, ಅದು ಬೀಗ ಹಾಕಿದ ಮನೆಯಲ್ಲಿ ದಿನವೆಲ್ಲ ಅಳಹತ್ತಿತು. ಕೊನೆಗೆ ದೀಪಾವಳಿಗೆ ಊರಿಗೆ ಬಂದವರು ಅದನ್ನು ನಮ್ಮಲ್ಲಿಯೇ ಬಿಟ್ಟುಹೋದರು.

ನಾನು ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವನು. ನಾಯಿಯು ಪಡಸಾಲೆಯನ್ನು ದಾಟಿ ಒಳಗೆ ಬರಕೂಡದೆಂದು ಮೊದಲ ದಿನವೇ ಅಪ್ಪಣೆ ಮಾಡಿದೆನು. ಒಂದು ವಾರ ಅದು ಪಡಸಾಲೆಯಲ್ಲಿತ್ತು. ಎರಡನೆಯ ವಾರ ಅಡಿಗೆಮನೆಯ ಹೊಸ್ತಿಲ ಮೇಲೆ ತಲೆಯಿಟ್ಟು ಮಲಗಿತ್ತು. ಹೊಸ್ತಿಲು ಒಳಗೋ ಹೊರಗೋ ಎಂಬ ಪ್ರಶ್ನೆಯನ್ನು ನನ್ನ ಹೆಂಡತಿಯು ಹಾಕಿದಳು. ಧರ್ಮಶಾಸ್ತ್ರದಲ್ಲಿ ಒಡನೆಯೇ ಉತ್ತರವು ಸಿಕ್ಕದೆ ನಾನು ಸುಮ್ಮನಾದೆನು.

2023ರ ಮಳೆಗಾಲದಲ್ಲಿ ಬೆಳ್ಳಿಯು ಮೊದಲ ಸಲ ನಾಲ್ಕು ಮರಿಗಳನ್ನು ಹಾಕಿತು. ತಂದೆಯು ನಮ್ಮ ಓಣಿಯ ಕಂದುಬಣ್ಣದ ಒಂದು ನಾಯಿ. ಎರಡು ಗಂಡು, ಎರಡು ಹೆಣ್ಣು. ಗಂಡುಮರಿಗಳು ಕಣ್ಣು ತೆರೆಯುವ ಮೊದಲೇ ಇಂಥವರಿಗೆಂದು ಗೊತ್ತಾದವು. ಹೆಣ್ಣುಮರಿಗಳನ್ನು ಕೇಳುವವರೇ ಇಲ್ಲ. ನಮ್ಮ ಕಡೆಯ ಊರುಗಳಲ್ಲಿ ಇದು ಎಲ್ಲರೂ ಬಲ್ಲ ಸಂಗತಿ: ಗಂಡುನಾಯಿಯು ಮನೆ ಕಾಯುತ್ತದೆ, ಹೆಣ್ಣುನಾಯಿಯು ವರುಷಕ್ಕೆ ಎರಡು ಸಲ ಮನೆಯ ಮುಂದೆ ಗಂಡುನಾಯಿಗಳ ಸಂತೆಯನ್ನು ನೆರೆಸುತ್ತದೆ ಎಂದು ಜನರ ಲೆಕ್ಕ. ಒಂದು ಹೆಣ್ಣುಮರಿಯನ್ನು ಕುರಿ ಕಾಯುವವರು ಒಯ್ದರು. ಅದು ಇಂದಿಗೂ ಚೆನ್ನಾಗಿದೆ. ಇನ್ನೊಂದನ್ನು ಒಬ್ಬನು ಬಾಯಿಮಾತಿನ ಮರ್ಯಾದೆಗಾಗಿ ಒಯ್ದು, ನಾಲ್ಕು ದಿನ ಇಟ್ಟುಕೊಂಡು, ಕೆರೆಯ ಏರಿಯ ಮೇಲೆ ಬಿಟ್ಟುಬಂದನು. ನಾವು ಹುಡುಕಿಕೊಂಡು ಹೋಗುವಷ್ಟರಲ್ಲಿ ಅದು ಸತ್ತಿತ್ತು. ಗಂಡುಮರಿಗಳಲ್ಲಿ ಒಂದು ಯಾದಗಿರಿಯ ರಸ್ತೆಯಲ್ಲಿ ಹತ್ತಿಯ ಲಾರಿಗೆ ಸಿಕ್ಕಿತು. ನಾಲ್ಕರಲ್ಲಿ ಎರಡು ಉಳಿದವು.

ಇನ್ನು ಮುಂದೆ ಹೀಗಾಗಬಾರದು, ಬೆಳ್ಳಿಗೆ ಸಂತಾನ ನಿಲ್ಲಿಸುವ ಶಸ್ತ್ರಕ್ರಿಯೆಯನ್ನು ಮಾಡಿಸುವುದೇ ಸರಿ ಎಂದು ಆಗಲೇ ಗಟ್ಟಿಯಾಗಿ ನುಡಿದೆನು. ಆದರೆ ನುಡಿಯುವುದಕ್ಕೂ ಮಾಡುವುದಕ್ಕೂ ನಡುವೆ ಹದಿನೈದು ತಿಂಗಳು ಕಳೆದವು. ಒಮ್ಮೆ ಮಳೆ, ಒಮ್ಮೆ ಮದುವೆ, ಒಮ್ಮೆ ನನ್ನ ಮೊಣಕಾಲು ನೋವು. ಇದರ ಮೇಲೆ ಹಿರಿಯರೊಬ್ಬರು ಮೂಕಪ್ರಾಣಿಯ ತಾಯ್ತನವನ್ನು ಕಿತ್ತುಕೊಳ್ಳುವುದು ಮಹಾಪಾಪವೆಂದು ಕಟ್ಟೆಯ ಮೇಲೆ ಕುಳಿತು ಹೇಳಿದರು. ಕೆರೆಯ ಏರಿಯ ಮೇಲೆ ಸತ್ತ ಮರಿಯ ಪಾಪವು ಯಾರ ಲೆಕ್ಕಕ್ಕೆ ಎಂದು ಅವರನ್ನು ಕೇಳಬೇಕೆಂದಿದ್ದೆನು, ಕೇಳಲಿಲ್ಲ. ನಾನು ನಿರ್ಣಯ ಮಾಡದೆ ಕುಳಿತಿರಲು ಪ್ರಕೃತಿಯು ತನ್ನ ನಿರ್ಣಯವನ್ನು ತಾನು ಮಾಡಿತು. 2024ರ ದೀಪಾವಳಿಯ ಸುಮಾರಿಗೆ ಬೆಳ್ಳಿಯು ಮತ್ತೆ ಗಬ್ಬವಾಯಿತು. ಈ ಸಲದ ಗಂಡುನಾಯಿ ಯಾವುದೆಂದು ನಾನು ಕಾಣಲಿಲ್ಲ. ಮರಿಗಳ ಗಾತ್ರವನ್ನು ನೋಡಿದ ಮೇಲೆ, ಮೊದಲಿನದಕ್ಕಿಂತ ಬಹಳ ದೊಡ್ಡದೇ ಇರಬೇಕೆಂದು ತಿಳಿಯಿತು.

ಆ ವರುಷ ಎಳ್ಳಮಾವಾಸ್ಯೆಯು ಡಿಸೆಂಬರ್ 30ಕ್ಕೆ ಬಂದಿತ್ತು. ನಮ್ಮ ಸೀಮೆಯಲ್ಲಿ ಅದು ದೊಡ್ಡ ಹಬ್ಬ. ಸಜ್ಜೆಯ ರೊಟ್ಟಿ, ಕಡುಬು, ಹತ್ತಾರು ಕಾಯಿಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಇವನ್ನೆಲ್ಲ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ ಉಂಡು ಬರುವುದು. ನಾವು ಬೆಳ್ಳಿಯ ಸಲುವಾಗಿ ಮನೆಯಲ್ಲಿಯೇ ಉಳಿದೆವು. ನಾಯಿಯ ಗರ್ಭವು ಸುಮಾರು 63 ದಿನಗಳದು. ಹೆರಿಗೆಗೆ ಹಿಂದಿನ 24 ಗಂಟೆಗಳೊಳಗಾಗಿ ಅದರ ಮೈಯ ಕಾವು 99 ಡಿಗ್ರಿಗಿಂತ ಕೆಳಕ್ಕೆ ಇಳಿಯುವುದೆಂದೂ, ಸಹಜವಾದ ಕಾವು 101ರಿಂದ 102ರವರೆಗೆ ಇರುವುದೆಂದೂ ಮಗನು ಫೋನಿನಲ್ಲಿ ಹೇಳಿದ್ದನು. ಕಾವು ಇಳಿದುದನ್ನು ಹಿಂದಿನ ಸಂಜೆಯೇ ನೋಡಿ ಗುರುತು ಹಾಕಿಕೊಂಡಿದ್ದೆನು. ಮೂಲೆಯಲ್ಲಿ ಹಳೆಯ ಸೀರೆಗಳನ್ನು ಹಾಸಿ, ನನ್ನ ಬುದ್ಧಿಯ ಮಟ್ಟಿಗೆ ಎಲ್ಲವನ್ನೂ ಸಿದ್ಧಮಾಡಿದ್ದೆನು.

ಮಧ್ಯಾಹ್ನದಿಂದ ಬೆಳ್ಳಿಯು ನೆಲ ಕೆರೆಯುತ್ತ ಏದುತ್ತ ಇತ್ತು. ಹೊತ್ತು ಮುಳುಗುವಾಗ ತಿಣುಕಲಾರಂಭಿಸಿತು. ಒಂದು ಗಂಟೆಯಾಯಿತು, ಎರಡು ಗಂಟೆಯಾಯಿತು, ಮರಿ ಬಾರದು. ಮೊದಲ ಹೆರಿಗೆಯು ಯಾರ ಸಹಾಯವೂ ಇಲ್ಲದೆ ಆಗಿತ್ತಾದುದರಿಂದ, ಪ್ರಕೃತಿಯ ಕೆಲಸದಲ್ಲಿ ಕೈಹಾಕಬಾರದೆಂದು ನಾನು ಹೇಳುತ್ತಿದ್ದೆನು. ಇಲ್ಲಿ ನಾನು ಮಾಡಿದ ತಪ್ಪನ್ನು ವಾಚಕರು ಮಾಡಬಾರದು. ಬಲವಾಗಿ ತಿಣುಕಹತ್ತಿ ಅರ್ಧ ಗಂಟೆಯಾದರೂ ಮರಿ ಕಾಣದಿದ್ದರೆ ವೈದ್ಯರನ್ನು ಕೇಳಬೇಕು. ಒಂದೂ ಮರಿ ಹೊರಬೀಳದ ಮೊದಲೇ ಕಡುಹಸಿರು ಬಣ್ಣದ ನೀರು ಕಂಡರಂತೂ ಒಂದು ಗಳಿಗೆಯನ್ನೂ ಕಳೆಯಬಾರದು. ಮಾಸು ಗರ್ಭಕೋಶದ ಗೋಡೆಯನ್ನು ಬಿಟ್ಟಿದೆ, ಒಳಗಿನ ಮರಿಗೆ ಉಸಿರು ಕಡಿಮೆಯಾಗುತ್ತಲಿದೆ ಎಂಬುದಕ್ಕೆ ಅದು ಗುರುತು. ಆ ಗುರುತನ್ನು ಮೊದಲು ಕಂಡವಳು ನನ್ನ ಹೆಂಡತಿ.

"ಹಸರು ನೀರು ಬಂದದ ರೀ. ಇನ್ನ ಕುಂತ್ರ ಆಗಂಗಿಲ್ಲ. ಗಾಡಿ ನೋಡ್ರಿ," ಎಂದಳು.

ಹಬ್ಬದ ರಾತ್ರಿ. ಗಾಡಿ ಓಡಿಸುವವರೆಲ್ಲರೂ ಹೊಲದಲ್ಲಿ ಉಂಡು ಬಂದು ಮಲಗಿದ್ದರು. ನಾಲ್ಕು ಬಾಗಿಲು ಬಡಿದ ಮೇಲೆ ನನ್ನ ಹಳೆಯ ಶಿಷ್ಯನೊಬ್ಬನು ಎದ್ದು ಬಂದು ತನ್ನ ಟಂಟಂ ಹೊರಗೆ ತೆಗೆದನು. ಬೆಳ್ಳಿಯನ್ನು ಕಂಬಳಿಯಲ್ಲಿ ಸುತ್ತಿ ನನ್ನ ಹೆಂಡತಿಯು ತೊಡೆಯ ಮೇಲೆ ಹಾಕಿಕೊಂಡಳು. ಯಾದಗಿರಿಯ ದಾರಿಯುದ್ದಕ್ಕೂ ಚಳಿಗಾಳಿ. ನಾಯಿಯು ತಿಣುಕಿದಾಗಲೆಲ್ಲ ಆಕೆಯೂ ಉಸಿರು ಬಿಗಿಹಿಡಿಯುತ್ತಿದ್ದುದು ನನಗೆ ಕೇಳಿಸುತ್ತಿತ್ತು.

ಅಲ್ಲಿಯ ಪಶುವೈದ್ಯರು ತರುಣರು, ಬೀದರದಲ್ಲಿ ಓದಿದವರು. ಫೋನು ಮಾಡಿ ಎಬ್ಬಿಸಿದ್ದೆವು. ಅವರು ಬೆಳ್ಳಿಯನ್ನು ಮೇಜಿನ ಮೇಲೆ ಮಲಗಿಸಿ ಕೈಗವಸು ತೊಟ್ಟು ನೋಡಿದರು.

"ಮರಿ ತಲಿ ಎಲಬಿನಾಗ ಸಿಕ್ಕಬಿಟ್ಟದ ಸರ್. ಅದು ಬದುಕಿಲ್ಲ ಅನಸ್ತದ. ಒಳಗ ಇನ್ನೊಂದೋ ಎರಡೋ ಅವ. ಕೊಯ್ಯಲೇಬೇಕು," ಎಂದರು.

ನೋವು ಹೆಚ್ಚಿಸುವ ಸೂಜಿಮದ್ದು ಇರುವುದಲ್ಲ ಎಂದು ನಾನು ಕೇಳಿದೆನು. ದಾರಿ ಕಟ್ಟಿರುವಾಗ ಅದನ್ನು ಕೊಟ್ಟರೆ ಗರ್ಭಕೋಶವೇ ಒಡೆಯುವ ಭಯವುಂಟೆಂದು ಹೇಳಿ, ಸಲಾಯಿನ್ ಹಚ್ಚುತ್ತ, ಹೊಟ್ಟೆಯ ಮೇಲಿನ ಕೂದಲನ್ನು ಬೋಳಿಸಲು ಸಹಾಯಕನಿಗೆ ಸನ್ನೆಮಾಡಿದರು. ತರುವಾಯ ಒಂದು ಕಾಗದವನ್ನೂ ಲೇಖನಿಯನ್ನೂ ನನ್ನ ಮುಂದಿಟ್ಟು, "ಹೊಟ್ಟಿ ಹ್ಯಾಂಗೂ ತೆರಿತೀವಿ ಸರ್. ಗರ್ಭಚೀಲ, ಅಂಡಾಶಯ ಎರಡೂ ಈಗೇ ತೆಗದಬಿಡ್ಲೇನು? ಇಲ್ಲಂದ್ರ ಮರಿ ಹಾಲು ಬಿಟ್ಟ ಮ್ಯಾಲ ಮತ್ತೊಮ್ಮಿ ಬರಬೇಕಾಗ್ತದ. ನಿಮ್ಮ ವಿಚಾರ ಹೇಳ್ರಿ," ಎಂದು ಕೇಳಿದರು.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂಢಗರ್ಭವನ್ನು, ಎಂದರೆ ದಾರಿಯಲ್ಲಿ ಸಿಕ್ಕಿಕೊಂಡ ಗರ್ಭವನ್ನು, ಕುರಿತು ಒಂದು ಅಧ್ಯಾಯವಿದೆ. ಅದನ್ನು ಹೊರಗೆ ತೆಗೆಯುವುದಕ್ಕಿಂತ ಕಷ್ಟವಾದ ಕೆಲಸವು ವೈದ್ಯನಿಗೆ ಬೇರೊಂದಿಲ್ಲವೆಂದು ಹೇಳಿ, ಆದುದರಿಂದ ಅಧಿಪತಿಯನ್ನು ಕೇಳಿಯೇ ಅದಕ್ಕೆ ತೊಡಗಬೇಕೆಂದು ಆಚಾರ್ಯನು ವಿಧಿಸುತ್ತಾನೆ. ಅಧಿಪತಿಯೆಂದರೆ ಒಡೆಯನು, ಯಜಮಾನನು. ಈ ಸಂದರ್ಭವನ್ನು ಒಮ್ಮೆ ನಾನು ಶಾಲೆಯಲ್ಲಿ, ನಮ್ಮ ಪ್ರಾಚೀನರು ಸಮ್ಮತಿಪತ್ರವನ್ನು ಎಷ್ಟು ಮೊದಲೇ ಬಲ್ಲವರಾಗಿದ್ದರು ನೋಡಿರಿ ಎಂದು ಹೆಮ್ಮೆಯಿಂದ ಹೇಳಿದ್ದುಂಟು. ಕೇಳಬೇಕಾದುದು ಮಲಗಿದವಳನ್ನಲ್ಲ, ಅಧಿಪತಿಯನ್ನು ಎಂಬುದು ಅಂದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನನ್ನ ಮನಸ್ಸಿನಲ್ಲಿ ಉತ್ತರವು ಸಿದ್ಧವಾಗಿತ್ತು. ಒಂದೇ ಮೂರ್ಛೆ, ಒಂದೇ ಕೊಯ್ತ, ಒಂದೇ ಖರ್ಚು. ಮತ್ತೆ ಮರಿಗಳ ಗೋಳಿಲ್ಲ. ಲೇಖನಿಯನ್ನು ತೆಗೆದುಕೊಂಡು 'ತೆಗೆಯಬಹುದು' ಎಂದು ಬರೆಯಲು ಬಗ್ಗಿದೆನು.

"ಆಗೂ ಹಿಂಗೇ ಬರದ್ರಿ ನೀವು," ಎಂದಳು ನನ್ನ ಹೆಂಡತಿ. ಬೆಳ್ಳಿಯ ತಲೆಯ ಮೇಲಿನ ಕೈಯನ್ನು ಆಕೆ ತೆಗೆದಿರಲಿಲ್ಲ. ನನ್ನ ಕಡೆಗೆ ನೋಡಲೂ ಇಲ್ಲ.

ಏನು ಹೇಳುತ್ತಿದ್ದಾಳೆಂದು ತಿಳಿಯಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ನಮ್ಮ ಎರಡನೆಯ ಮಗುವು ಹುಟ್ಟಿದುದು 1993ರಲ್ಲಿ. ನಾನು ಆಗ ಬೇರೊಂದು ಕಡೆ ಮಾಸ್ತರನಾಗಿದ್ದೆನು. ಹೆರಿಗೆಯು ಕಠಿಣವಾಗಿ, ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕಾಯಿತು. ಆಕೆಯನ್ನು ಒಳಗೆ ಒಯ್ದು ಬಾಗಿಲು ಮುಚ್ಚಿದ ಮೇಲೆ, ಒಬ್ಬರು ಕಾಗದ ಹಿಡಿದು ಹೊರಗೆ ಬಂದು, ಮೊದಲು ಒಂದು ಗಂಡು ಇದೆಯಂತಲ್ಲ, ಇದರೊಳಗೇ ಸಂತಾನದ ನಾಳವನ್ನೂ ಕಟ್ಟಿಬಿಡೋಣವೇ ಎಂದು ಕೇಳಿದರು. ಒಂದೇ ಮೂರ್ಛೆ, ಒಂದೇ ಕೊಯ್ತ, ಒಂದೇ ಖರ್ಚು ಎಂದು ಅವರು ಹೇಳಿದರು. ನನಗೂ ಸರಿಯೆಂದು ತೋರಿತು. ಸಹಿ ಹಾಕಿದೆನು. ಬುದ್ಧಿವಂತಿಕೆಯ ಕೆಲಸ ಮಾಡಿದೆನೆಂದು ನನ್ನಲ್ಲಿ ನಾನೇ ಮೆಚ್ಚಿಕೊಂಡೆನು. ಆಕೆಗೆ ಅದು ತಿಳಿದುದು ಮೂರನೆಯ ದಿನ, ಬೇರೊಬ್ಬರ ಬಾಯಿಂದ. ಆಕೆ ನನ್ನನ್ನು ಏನೂ ಕೇಳಲಿಲ್ಲ. ಕೇಳಲಿಲ್ಲವಾದುದರಿಂದ ಒಪ್ಪಿಗೆಯೆಂದೇ ತಿಳಿದು, ಆ ಸಂಗತಿಯನ್ನು ನಾನು ಮರೆತಿದ್ದೆನು. ಮರೆಯದವರು ಒಬ್ಬರು ಅದೇ ಮನೆಯಲ್ಲಿ ಇದ್ದರೆಂದು ಆ ರಾತ್ರಿ ಗೊತ್ತಾಯಿತು.

"ನಿನಗೆ ಮತ್ತೊಂದು ಬೇಕಾಗಿತ್ತೇನು?" ಎಂದು, ಕೇಳಬಾರದ ಸ್ಥಳದಲ್ಲಿ, ಕೇಳಬಾರದ ರೀತಿಯಲ್ಲಿ ಕೇಳಿದೆನು.

"ಬೇಕಂತಿದ್ನೋ ಬ್ಯಾಡಂತಿದ್ನೋ, ಅದು ಬ್ಯಾರೆ ಮಾತು. ನನ್ನ ಹೊಟ್ಟಿ ಇತ್ತು. ಕೇಳಬೇಕಿತ್ತು."

ವೈದ್ಯರು ಸಲಾಯಿನ್ನಿನ ಬಾಟಲಿಯನ್ನು ಇಲ್ಲದ ಲಕ್ಷ್ಯದಿಂದ ನೋಡುತ್ತ ನಿಂತರು. ನಾನು ಲೇಖನಿಯನ್ನು ಆಕೆಯ ಕಡೆಗೆ ಚಾಚಿ, "ಇದಕ್ಕೆ ಬಾಯಿಲ್ಲ. ಇದರ ಪರವಾಗಿ ನೀನೇ ಹೇಳು," ಎಂದೆನು. ಆಕೆ ಲೇಖನಿಯನ್ನು ಮುಟ್ಟಲಿಲ್ಲ. ವೈದ್ಯರ ಕಡೆಗೆ ತಿರುಗಿ ಒಂದೊಂದಾಗಿ ಕೇಳಲಾರಂಭಿಸಿದಳು. ಆ ಪ್ರಶ್ನೆಗಳಲ್ಲಿ ಒಂದಾದರೂ ನನಗೆ ಹೊಳೆದಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

"ಗರ್ಭಚೀಲ ತೆಗದ್ರ ಹಾಲು ಬರ್ತದೇನ್ರಿ?"

ಬರುತ್ತದೆ ಎಂದರು ವೈದ್ಯರು. ಹಾಲನ್ನು ಹುಟ್ಟಿಸುವುದು ಪ್ರೊಲ್ಯಾಕ್ಟಿನ್ ಎಂಬ ರಸ. ಅದೂ, ಹಾಲನ್ನು ಮೊಲೆಯಿಂದ ಇಳಿಸುವ ಆಕ್ಸಿಟೋಸಿನ್ ಎಂಬ ಇನ್ನೊಂದು ರಸವೂ ಒಸರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಗರ್ಭಕೋಶದಿಂದಲೂ ಅಲ್ಲ, ಅಂಡಾಶಯದಿಂದಲೂ ಅಲ್ಲ. ಅವೆರಡನ್ನು ತೆಗೆದರೆ ಹಾಲು ಬತ್ತುವುದೆಂದು ಬಹುಜನರು ನಂಬಿರುವುದು ತಪ್ಪು. ಅವರ ಮಾತು ಸರಿಯೆಂದು ನಾನು ಆಮೇಲೆ ಓದಿ ಖಚಿತಮಾಡಿಕೊಂಡೆನು. ಅಮೆರಿಕೆಯ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ 2023ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಹೆರಿಗೆಯ ಕೊಯ್ತದ ಜೊತೆಗೆ ಗರ್ಭಕೋಶವನ್ನೂ ತೆಗೆಸಿಕೊಂಡ ನಾಯಿಗಳನ್ನೂ ತೆಗೆಸಿಕೊಳ್ಳದವುಗಳನ್ನೂ ಹೋಲಿಸಿ ನೋಡಿ, ತಾಯಿ ಮರಿಗಳನ್ನು ಸಾಕುವ ರೀತಿಯಲ್ಲಾಗಲಿ, ಮರಿಗಳು ಉಳಿದು ಬೆಳೆಯುವುದರಲ್ಲಾಗಲಿ ವ್ಯತ್ಯಾಸವಿಲ್ಲವೆಂದು ಬರೆದಿದ್ದಾರೆ.

"ಈಗ ಬ್ಯಾಡಂದ್ರ ಮುಂದ ಏನಾಗ್ತದ?"

ಮರಿಗಳು ಹಾಲು ಬಿಟ್ಟು, ಮೊಲೆಗಳು ಬತ್ತಿದ ಮೇಲೆ, ಎರಡು ಮೂರು ತಿಂಗಳಲ್ಲಿ ಬೇರೆಯಾಗಿ ಮಾಡಬಹುದು. ಆಗ ಮತ್ತೊಂದು ಮೂರ್ಛೆ, ಮತ್ತೊಂದು ಕೊಯ್ತ. ಅದನ್ನೂ ಮಾಡಿಸದೆ ಬಿಟ್ಟರೆ ನಾಯಿಯು ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುವುದಾದುದರಿಂದ ಮತ್ತೆ ಇದೇ ಪಾಡು. ಮುಂದಿನ ಸಲವೂ ಕೊಯ್ಯಬೇಕಾದೀತು. ಇದಲ್ಲದೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಒಂದು ಪ್ರಾಣಾಂತಿಕ ರೋಗವುಂಟು. ಸ್ವೀಡನ್ ದೇಶದಲ್ಲಿ ವಿಮೆಮಾಡಿಸಿದ ನಾಯಿಗಳ ಲೆಕ್ಕವನ್ನು ತೆ​ಗೆದು ನೋಡಲಾಗಿ, ಶಸ್ತ್ರಕ್ರಿಯೆಯಾಗದ ಹೆಣ್ಣುನಾಯಿಗಳಲ್ಲಿ ಹತ್ತು ವರುಷ ತುಂಬುವುದರೊಳಗೆ ಸುಮಾರು ನಾಲ್ಕರಲ್ಲಿ ಒಂದಕ್ಕೆ ಅದು ಬರುವುದೆಂದು ಕಂಡುಬಂದಿದೆ. ಶಸ್ತ್ರಕ್ರಿಯೆಗೂ ತನ್ನದೇ ದೋಷಗಳಿಲ್ಲದಿಲ್ಲ: ಮೈ ಬೇಗ ಕೊಬ್ಬುತ್ತದೆ, ಕೆಲವು ನಾಯಿಗಳಿಗೆ ಮೂತ್ರದ ಹತೋಟಿ ತಪ್ಪುತ್ತದೆ.

"ಈಗೇ ಮಾಡಿದ್ರ ಆಕಿ ತಡಿತಾಳೇನು?"

ಇದಕ್ಕೆ ವೈದ್ಯರು ಒಡನೆಯೇ ಉತ್ತರ ಕೊಡಲಿಲ್ಲ. ಬೆಳ್ಳಿಯ ತುಟಿಯನ್ನು ಎತ್ತಿ ವಸಡನ್ನು ಒತ್ತಿ ನೋಡಿದರು. ಹೊಟ್ಟೆಯೊಳಗೆ ಮರಿಗಳಿರುವಾಗ ಗರ್ಭಕೋಶಕ್ಕೆ ಹೋಗುವ ರಕ್ತನಾಳಗಳು ಬಹಳ ದಪ್ಪವಾಗಿರುತ್ತವೆ. ತೆಗೆಯುವಾಗ ರಕ್ತಸ್ರಾವದ ಭಯವು ಹೆಚ್ಚು. ಕೆಲಸಕ್ಕೆ ಹೊತ್ತೂ ಹಿಡಿಯುತ್ತದೆ, ಅಷ್ಟು ಹೊತ್ತು ಮರಿಗಳು ಮೊಲೆಯಿಲ್ಲದೆ ಕಾಯಬೇಕು. ಮೊದಲೇ ದಿನ ಗೊತ್ತುಮಾಡಿ, ಆಯಾಸಪಡದ ನಾಯಿಯನ್ನು ಹಗಲಿನಲ್ಲಿ ತಂದಿದ್ದರೆ ಎರಡನ್ನೂ ಕೂಡಿಯೇ ಮಾಡಿರೆಂದು ತಾವೇ ಹೇಳುತ್ತಿದ್ದೆವೆಂದೂ, ಈಗ ಇದು ಐದಾರು ತಾಸು ತಿಣುಕಿ ಸೋತಿದೆ, ರಾತ್ರಿಯ ಹೊತ್ತು, ಕೊಡಲು ನಾಯಿಯ ರಕ್ತವೂ ಇಲ್ಲ, ಆದುದರಿಂದ ಹೊಟ್ಟೆಯನ್ನು ತೆರೆಯದೆ ಹೇಳಲಾರೆವೆಂದೂ ನುಡಿದರು. ಗರ್ಭಕೋಶವು ಕೊಳೆತಿದ್ದರೆ ಅಥವಾ ಹರಿದಿದ್ದರೆ ಮಾತ್ರ ಪ್ರಾಣ ಉಳಿಸುವುದಕ್ಕಾಗಿ ತೆಗೆಯಲೇಬೇಕು. ಅದರಲ್ಲಿ ಯಾರನ್ನೂ ಕೇಳುವ ಮಾತಿಲ್ಲ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಮೊದಲ ಮರಿ ತೆಗೀರಿ. ಆಕಿ ಮೈಯಾಗ ಕಸುವು ಇದ್ರ ಅದನ್ನೂ ತೆಗದಬಿಡ್ರಿ. ನಿಮಗ ಒಂದೀಟು ಅನುಮಾನ ಬಂದ್ರ ಮುಟ್ಟಬ್ಯಾಡ್ರಿ. ಮತ್ತೊಮ್ಮಿ ಕರಕೊಂಡು ಬರೂದು ನಮ್ಮ ಕೆಲಸ."

ಅದನ್ನೇ ನಾನು ಬರೆಯುವ ಕನ್ನಡದಲ್ಲಿ ಕಾಗದದ ಮೇಲೆ ಇಳಿಸಿದೆನು. ನನ್ನ ಹೆಸರು ಮೊದಲೇ ಬರೆದಾಗಿತ್ತಾದುದರಿಂದ ಸಹಿಯೂ ನನ್ನದೇ ಆಯಿತು.

ನನ್ನನ್ನು ಹೊರಗೆ ಕೂಡ್ರಿಸಿದರು. ಮರಿಗಳನ್ನು ಒರೆಸುವುದಕ್ಕೆ ಕೈ ಬೇಕೆಂದು ಆಕೆಯನ್ನು ಒಳಗೆ ಇರಿಸಿಕೊಂಡರು. ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತವನಿಗೆ ಮಾಡಲು ಕೆಲಸವಿಲ್ಲದಿದ್ದಾಗ ಓದಿದುದೆಲ್ಲವೂ ನೆನಪಾಗುವುದು. ಹೊಟ್ಟೆ ಕೊಯ್ದು ಹೆರಿಗೆಮಾಡಿಸುವುದಕ್ಕೆ ರೋಮಿನ ಜೂಲಿಯಸ್ ಸೀಜರನಿಂದ ಹೆಸರು ಬಂದಿತೆಂದು ಹೇಳುತ್ತಾರೆ. ಆದರೆ ಅವನ ತಾಯಿ ಔರೇಲಿಯಾ, ಅವನು ನಡುವಯಸ್ಸಿನವನಾಗುವವರೆಗೂ ಬದುಕಿದ್ದಳು. ಹೊಟ್ಟೆ ಕೊಯ್ಸಿಕೊಂಡ ತಾಯಿ ಆ ಕಾಲದಲ್ಲಿ ಉಳಿಯುವುದು ಅಸಂಭವವಾದುದರಿಂದ ಆ ಕಥೆಯು ನಿಲ್ಲಲಾರದು. ಕತ್ತರಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಹೆಸರೆಂಬುದೇ ಹೆಚ್ಚು ಸಂಭವ. ಸುಶ್ರುತನಾದರೂ ನಿದಾನಸ್ಥಾನದಲ್ಲಿ ಹೊಟ್ಟೆಯನ್ನು ಸೀಳಿ ಮಗುವನ್ನು ತೆಗೆಯಲು ಹೇಳುವುದು ತಾಯಿ ಸತ್ತು, ಒಳಗೆ ಗರ್ಭವು ಮಿಡಿಯುತ್ತಿರುವಾಗ. ತಾಯಿಯೂ ಉಳಿಯಲಿ ಎಂದು ಕೊಯ್ಯುವುದು ನಮ್ಮ ಕಾಲದ ಭಾಗ್ಯ.

ನಾಯಿಯೆಂದ ಕೂಡಲೆ ಎಲ್ಲರೂ ಧರ್ಮರಾಯನ ಹಿಂದೆ ಹೋದ ನಾಯಿಯನ್ನು ನೆನೆಯುತ್ತಾರೆ. ನನಗೆ ಅಂದು ನೆನಪಾದುದು ಮಹಾಭಾರತದ ಮೊದಲಲ್ಲಿಯೇ ಬರುವ ಸರಮೆ. ಜನಮೇಜಯನ ಯಾಗಶಾಲೆಗೆ ಬಂದ ಅವಳ ಮರಿಯನ್ನು ರಾಜನ ತಮ್ಮಂದಿರು ನಿಷ್ಕಾರಣವಾಗಿ ಹೊಡೆಯುತ್ತಾರೆ. ಅದು ಹವಿಸ್ಸನ್ನು ನೋಡಿರಲಿಲ್ಲ, ನೆಕ್ಕಿರಲಿಲ್ಲ. ಸರಮೆಯು ಅಲ್ಲಿಗೆ ಬಂದು, ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅವರು ಏನೂ ಉತ್ತರ ಕೊಡಲಿಲ್ಲವೆಂದು ವ್ಯಾಸರು ಬರೆಯುತ್ತಾರೆ. ಆಗ ಅವಳು ಶಪಿಸುತ್ತಾಳೆ. ಹೊಡೆದುದಕ್ಕೆ ಶಾಪವೋ, ಕೇಳಿದಾಗ ಸುಮ್ಮನಿದ್ದುದಕ್ಕೆ ಶಾಪವೋ ಎಂದು ಹಿಂದೆ ವಿದ್ಯಾರ್ಥಿಗಳು ನನ್ನನ್ನು ಕೇಳಿದ್ದರೆ ಮೊದಲನೆಯದೆಂದೇ ಹೇಳುತ್ತಿದ್ದೆನು.

ಒಳಗಿನಿಂದ ಇಲಿಯ ಕೂಗಿನಂತಹ ಸಣ್ಣ ದನಿ ಕೇಳಿಸಿತು. ಸ್ವಲ್ಪ ತಡೆದು ಇನ್ನೊಂದು. ಮರಿಯ ಬಾಯಿಮೂಗುಗಳ ಲೋಳೆಯನ್ನು ತೆಗೆದು, ಒಣಬಟ್ಟೆಯಿಂದ ಅದು ಕೂಗುವವರೆಗೂ ಬಿಡದೆ ತಿಕ್ಕಬೇಕಂತೆ. ತಾಯಿಗೆ ಕೊಟ್ಟ ಮೂರ್ಛೆಮದ್ದು ಮರಿಗಳಿಗೂ ಸ್ವಲ್ಪ ಏರಿರುತ್ತದೆ. ಎರಡನೆಯ ಮರಿಯನ್ನು ಹತ್ತು ನಿಮಿಷ ತಿಕ್ಕಿದೆನೆಂದು ಆಕೆ ಆಮೇಲೆ ಹೇಳಿದಳು. ವೈದ್ಯರ ಸಹಾಯಕನು, ಸಾಕು ಬಿಡ್ರಿ ಯವ್ವಾ ಎಂದನಂತೆ. ಆಕೆ ಬಿಡಲಿಲ್ಲ.

ವೈದ್ಯರು ಹೊರಗೆ ಬಂದಾಗ ನಡುರಾತ್ರಿ ಕಳೆದಿತ್ತು. ಸಿಕ್ಕಿಕೊಂಡಿದ್ದ ದೊಡ್ಡ ಗಂಡುಮರಿ ಸತ್ತಿತ್ತು. ಒಂದು ಗಂಡು, ಒಂದು ಹೆಣ್ಣು ಉಳಿದಿದ್ದವು. "ಗರ್ಭಚೀಲ ಮುಟ್ಟಿಲ್ಲ ಸರ್. ಚೀಲ ಚಂದ ಅದ, ಹೊಲದು ಬಿಟ್ಟೀನಿ. ಆಕಿ ನಾಲಿಗಿ ಬೆಳ್ಳಗಾಗಾಕ ಹತ್ತಿತ್ತು. ಅಮ್ಮಾರು ಹೇಳಿದಂಗ ಮಾಡೀನಿ," ಎಂದರು. ಔಷಧಿ, ಹೊಲಿಗೆಯ ದಾರ ಎಲ್ಲವೂ ಸೇರಿ ಆರು ಸಾವಿರ ರೂಪಾಯಿ ಆಯಿತು. ಅದನ್ನು ಮಗನು ಕಳುಹಿಸಿದನು, ಇಲ್ಲವೆಂದರೆ ಕೇಳಲಿಲ್ಲ.

ಕೊಯ್ತದಿಂದ ಹೆತ್ತ ನಾಯಿಯು ಮಂಪರು ಇಳಿದು ಎದ್ದಾಗ, ಇವು ತನ್ನ ಮರಿಗಳೆಂದು ಅರಿಯದೆ ಇರುವುದುಂಟು. ಕಚ್ಚುವುದೂ ಉಂಟು, ಗೊತ್ತಿಲ್ಲದೆ ಮೇಲೆ ಮಲಗಿಬಿಡುವುದೂ ಉಂಟು. ಎರಡು ದಿನ ಹಗಲಿರುಳು ಸರದಿಯ ಮೇಲೆ ಕಾದೆವು. ಬೆಳ್ಳಿಯು ಮೊದಲ ದಿನ ಮರಿಗಳ ಕಡೆಗೆ ಬೆನ್ನುಹಾಕಿಯೇ ಮಲಗಿತ್ತು. ನನ್ನ ಹೆಂಡತಿಯು ಅದರ ತಲೆಯನ್ನು ಹಿಡಿದುಕೊಂಡು ಮರಿಗಳನ್ನು ಮೊಲೆಗೆ ಹಚ್ಚುತ್ತಿದ್ದಳು. ಎರಡನೆಯ ಸಂಜೆ ಅದು ತಾನಾಗಿಯೇ ಹೆಣ್ಣುಮರಿಯನ್ನು ನೆಕ್ಕಿತು. ಆ ಹೊತ್ತಿಗೆ ಸರಿಯಾಗಿ ಕಾವಲು ನನ್ನದಾಗಿತ್ತು. ಆಕೆಯನ್ನು ಎಬ್ಬಿಸಿ ಕರೆತಂದು ತೋರಿಸಿದೆನು.

ಹತ್ತು ಹದಿನೈದು ದಿನ ನಾವು ಆ ಮಾತನ್ನು ಎತ್ತಲಿಲ್ಲ. ನಾನು ಮಾತ್ರ ನನ್ನ ಪದ್ಧತಿಯಂತೆ ಓದಹತ್ತಿದೆನು. 2008ರ ಜನವರಿಯಲ್ಲಿ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಸಮೀರಾ ಕೊಹ್ಲಿ ಎಂಬವರ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಕಣ್ಣಿಗೆ ಬಿದ್ದಿತು. ಹೊಟ್ಟೆಯೊಳಗಿನ ರೋಗವನ್ನು ಪರೀಕ್ಷಿಸಲು ಒಪ್ಪಿಗೆ ಕೊಟ್ಟು ಮೂರ್ಛೆಯಲ್ಲಿ ಮಲಗಿದ್ದ ಹೆಂಗಸಿನ ಗರ್ಭಕೋಶವನ್ನೂ ಅಂಡಾಶಯಗಳನ್ನೂ, ಹೊರಗೆ ಕುಳಿತಿದ್ದ ಆಕೆಯ ತಾಯಿಯ ಒಪ್ಪಿಗೆಯನ್ನು ಪಡೆದು ತೆಗೆಯಲಾಗಿತ್ತು. ಆಕೆ ವಯಸ್ಕಳು, ಸ್ವಲ್ಪ ಹೊತ್ತಿನಲ್ಲಿ ಎಚ್ಚರಗೊಳ್ಳತಕ್ಕವಳು. ಪ್ರಾಣಕ್ಕೆ ಅಪಾಯವಿಲ್ಲದಿರುವಾಗ ಎಚ್ಚರವಾಗುವವರೆಗೂ ಕಾದು ಆಕೆಯನ್ನೇ ಕೇಳಬೇಕಿತ್ತು. ತಾಯಿಯಾದರೂ ಆಕೆಯ ಪರವಾಗಿ ಒಪ್ಪಿಗೆ ಕೊಡಲಾರಳು ಎಂದು ನ್ಯಾಯಾಲಯವು ಹೇಳಿತು. ಇದನ್ನು ನಾನು ನನ್ನ ಹೆಂಡತಿಗೆ ಓದಿ ಹೇಳಿದೆನು. ಆಕೆ ತೊಗರಿ ಹಸನು ಮಾಡುತ್ತಿದ್ದಳು.

"ಆ ಹೆಣ್ಮಗಳಿಗೆ ಕೋರ್ಟ್ ಬೇಕಾಯ್ತು. ನಿಮಗ ನಾಯಿ ಬೇಕಾಯ್ತು," ಎಂದಳು.

ತಪ್ಪಾಯಿತೆಂದು ಹೇಳಿದೆನು. ಮೂವತ್ತೊಂದು ವರುಷಗಳ ಮೇಲೆ ಆ ಮಾತು ಎಷ್ಟು ತೂಗುವುದೋ ನಾನರಿಯೆ. ಅನಂತರ, ಆಗ ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ಸರಿಯಾದ ರೀತಿಯಲ್ಲಿ ಕೇಳಿದೆನು. ಆಕೆ ಮೊರವನ್ನು ಎರಡು ಸಲ ಕೇರಿ, "ಅದು ನನ್ನ ಹತ್ರಾನೇ ಇರ್ಲಿ," ಎಂದಳು.

ಗಂಡುಮರಿಯನ್ನು ಎಂಟನೆಯ ವಾರದಲ್ಲಿ ನಮ್ಮ ಟಂಟಂ ಶಿಷ್ಯನೇ ಒಯ್ದನು. ಹೆಣ್ಣುಮರಿಯನ್ನು ಕೇಳಿಕೊಂಡು ಇಬ್ಬರು ಬಂದಿದ್ದರು. ಕೆರೆಯ ಏರಿಯನ್ನು ನೆನೆದು ನಾವು ಕೊಡಲಿಲ್ಲ. ಸಾಕಿದ ನಾಯಿಯ ಸಂತಾನದ ಹೊಣೆಯು ಸಾಕಿದವನದೇ ಎಂದು ಸರಕಾರದ ನಿಯಮಗಳೂ ಹೇಳುತ್ತವೆಯಂತೆ. ನಿಯಮವಿಲ್ಲದಿದ್ದರೂ ನಮಗೆ ಇನ್ನೊಂದು ಮರಿಯನ್ನು ಹುಡುಕಿಕೊಂಡು ಹೋಗುವ ಶಕ್ತಿಯಿರಲಿಲ್ಲ. ಯುಗಾದಿಯು ಕಳೆದ ಮೇಲೆ, 2025ರ ಏಪ್ರಿಲಿನಲ್ಲಿ, ಬಿಸಿಲು ಏರುವ ಮೊದಲೇ ಬೆಳ್ಳಿಯನ್ನು ಅದೇ ವೈದ್ಯರಲ್ಲಿಗೆ ಒಯ್ದೆವು. ಈ ಸಲ ಅದು ತಾನೇ ನಡೆದು ಒಳಗೆ ಹೋಯಿತು. ರಾತ್ರಿಯಿಂದ ಅನ್ನ ಕೊಟ್ಟಿರಲಿಲ್ಲವಾಗಿ ಸಿಟ್ಟಿನಲ್ಲಿತ್ತು. ಸಹಾಯಕನು ಕಾಗದವನ್ನು ತಂದು ನನ್ನ ಮುಂದೆ ಹಿಡಿದನು. ನಾನು ತೆಗೆದುಕೊಳ್ಳಲಿಲ್ಲ. ನನ್ನ ಹೆಂಡತಿಯು ಕನ್ನಡಕವನ್ನು ಹಾಕಿಕೊಂಡು ಅದನ್ನು ಮೊದಲಿನಿಂದ ಕೊನೆಯವರೆಗೂ ಓದಿದಳು. 'ಮಾಲೀಕರ ಹೆಸರು' ಎಂದಿರುವಲ್ಲಿ ತನ್ನ ಹೆಸರನ್ನು ಬಿಡಿ ಅಕ್ಷರಗಳಲ್ಲಿ ಬರೆದು, ಕೆಳಗೆ ಸಹಿ ಮಾಡಿ, ಬೆಳ್ಳಿಯ ಹಿಂದೆ ಒಳಗೆ ಹೋದಳು.

ಒಂದು ತಾಸಿನಲ್ಲಿ ಕೆಲಸವು ಮುಗಿಯಿತು. ಸಂಜೆ ನಾವು ಮನೆಗೆ ತಿರುಗಿ ಬರುವಾಗ ಹೆಣ್ಣುಮರಿಯು ಅಡಿಗೆಮನೆಯ ಹೊಸ್ತಿಲಿನ ಒಳಗೆ ನಿಂತು ಬೊಗಳುತ್ತಿತ್ತು. ನಾನು ಅದನ್ನು ಹೊರಗೆ ಹಾಕಲಿಲ್ಲ.